ಅರ್ಧಕ್ಕೆ ನಿಂತ ಕೌದಿಯ ಹಕ್ಕುದಾರರು ಯಾರು?

ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ಹಾಸಿಗೆಗಳ ರಾಶಿಯ ಅಡಿಯಲ್ಲೋ ತಗಡಿನ ಟ್ರಂಕಿನ ತಳದಲ್ಲೋ ಪೂರ್ತಿಯಾಗದ ಒಂದು ಕೌದಿ ಸಿಗುವುದು ಅಪರೂಪವಲ್ಲ. ಹಳೆಯ ಸೀರೆಯ ಮೇಲೆ ಒಂದಷ್ಟು ತುಂಡುಗಳು ಕೂತಿರುತ್ತವೆ, ಒಂದಷ್ಟು ಹೊಲಿಗೆಯ ಸಾಲುಗಳು ಮುಗಿದಿರುತ್ತವೆ, ಕೆಲವೊಮ್ಮೆ ತುಕ್ಕು ಹಿಡಿದ ಸೂಜಿ ಬಟ್ಟೆಯಲ್ಲಿಯೇ ಉಳಿದಿರುತ್ತದೆ. ಹೊಲಿಯುತ್ತಿದ್ದವರ ಕಣ್ಣು ಮಂಜಾಗಿರಬಹುದು, ಬೆರಳಿಗೆ ವಾತ ಹಿಡಿದಿರಬಹುದು, ಅಥವಾ ಅವರು ಇಹಲೋಕವನ್ನೇ ತೊರೆದಿರಬಹುದು. ಮನೆಯವರಿಗೆ ಅದನ್ನು ಎಸೆಯಲು ಮನಸ್ಸಿಲ್ಲ, ಮುಗಿಸಲು ಕೈಬಾರದು. ಹೀಗೆ ಅದು ಒಂದು ಟ್ರಂಕಿನಿಂದ ಇನ್ನೊಂದು ಟ್ರಂಕಿಗೆ ಸಾಗುತ್ತಾ ಇಲಿ ನುಸಿಗಳ ಪಾಲಾಗುತ್ತದೆ.

ಇಂತಹ ಅರೆಹೊಲಿಗೆಯನ್ನು ಬಲ್ಲವರ ಕೈಗೆ ಒಪ್ಪಿಸಿ, ಅವರು ಅದನ್ನು ಪೂರ್ಣಗೊಳಿಸಿ, ಬಳಿಕ ಬಡವರಿಗೆ ದಾನವಾಗಿ ಕೊಡುವ ಪದ್ಧತಿಯೊಂದು ಅಮೆರಿಕ ಮತ್ತು ಕೆನಡಾಗಳಲ್ಲಿ ಬೇರೂರಿದೆ. ಕೇಳಿದ ಕೂಡಲೇ ಅದು ಬಿಡುವಿರುವ ಜನರ ಹೊಸ ಹವ್ಯಾಸವೆಂದು ತೋರಬಹುದು. ಅದರ ಹಿಂದೆ ಯುದ್ಧ, ಚಳಿ, ನಿರಾಶ್ರಿತರ ಶಿಬಿರಗಳ ದೀರ್ಘ ಇತಿಹಾಸವಿದೆ. ಆ ಇತಿಹಾಸವನ್ನು ಓದುತ್ತಾ ಹೋದಂತೆ ನಮ್ಮ ಪೂರ್ವಜರ ಚರಿತ್ರೆಯ ಕೆಲವು ಪುಟಗಳೂ ನಮ್ಮ ಮುಂದೆ ತೆರೆದುಕೊಂಡವು. ಆದುದರಿಂದ ಎರಡನ್ನೂ ಇಲ್ಲಿ ಜೊತೆಯಾಗಿ ಇಡುತ್ತಿದ್ದೇವೆ.

ಅಮೆರಿಕದ ಕೌದಿಗೆ ಮೂರು ಪದರ. ಬಣ್ಣದ ತುಂಡುಗಳನ್ನು ಜೋಡಿಸಿದ ಮೇಲ್ಪದರ, ಹತ್ತಿಯ ಅಥವಾ ಉಣ್ಣೆಯ ನಡುಪದರ, ಕೆಳಗೆ ಅಸ್ತರು. ಮೇಲ್ಪದರವನ್ನು ಒಬ್ಬಳೇ ಹೆಂಗಸು ಮಡಿಲಲ್ಲಿಟ್ಟುಕೊಂಡು ಚಳಿಗಾಲದ ಸಂಜೆಗಳಲ್ಲಿ ಹೊಲಿದು ಮುಗಿಸಬಲ್ಲಳು. ಆದರೆ ಮೂರೂ ಪದರಗಳನ್ನು ಸೇರಿಸಿ ಹೊಲಿಯಲು ಕೋಣೆಯನ್ನೇ ತುಂಬುವ ಮರದ ಚೌಕಟ್ಟು ಬೇಕು, ನಾಲ್ಕಾರು ಕೈಗಳು ಬೇಕು. ಹೀಗಾಗಿ ಕೆಲಸವು ಸಾಮಾನ್ಯವಾಗಿ ಮೇಲ್ಪದರದಲ್ಲಿಯೇ ನಿಂತುಬಿಡುತ್ತಿತ್ತು. 1930ರ ದಶಕದಲ್ಲಿ ಅಜ್ಜಿಯಂದಿರು ಹೊಲಿದಿಟ್ಟ ಮೇಲ್ಪದರಗಳು ಇಂದಿಗೂ ಅಲ್ಲಿನ ಅಟ್ಟಗಳಲ್ಲಿ, ಹಳೆಯ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ. ಕೌದಿಯ ರಚನೆಯೇ ಹಾಗಿದೆ: ಒಬ್ಬರು ಬಿಟ್ಟ ಕಡೆಯಿಂದ ಇನ್ನೊಬ್ಬರು ಹಿಡಿಯಲು ಅದು ಜಾಗ ಇಟ್ಟಿರುತ್ತದೆ.

ಈ ಗುಣವು ಅತ್ಯಂತ ದೊಡ್ಡ ಪ್ರಮಾಣದಲ್ಲಿ ಉಪಯೋಗಕ್ಕೆ ಬಂದದ್ದು 1861ರಿಂದ 1865ರ ವರೆಗಿನ ಅಮೆರಿಕದ ಅಂತರ್ಯುದ್ಧದ ಸಂದರ್ಭದಲ್ಲಿ. ಉತ್ತರದ ರಾಜ್ಯಗಳ ಸೈನ್ಯದ ಗಾಯಾಳುಗಳಿಗೂ ರೋಗಿಗಳಿಗೂ ನೆರವಾಗಲೆಂದು 1861ರ ಜೂನ್‌ನಲ್ಲಿ ಸ್ಯಾನಿಟರಿ ಕಮಿಷನ್ ಎಂಬ ಸಂಸ್ಥೆಗೆ ಸರ್ಕಾರದ ಮನ್ನಣೆ ದೊರೆಯಿತು. ಅದೇ ವರ್ಷದ ಶರತ್ಕಾಲದಲ್ಲಿ ಅದು ದೇಶದ ಮಹಿಳೆಯರಿಗೆ ಮನವಿ ಮಾಡಿತು. ಅಗ್ಗದ ಬಟ್ಟೆಯಾದರೂ ಸಾಕು. ಆದರೆ ಕೌದಿಯು ಏಳು ಅಡಿ ಉದ್ದ, ಐವತ್ತು ಅಂಗುಲ ಅಗಲವಿರಲಿ ಎಂದು ಅಳತೆಯನ್ನೂ ತಿಳಿಸಿತು. ಆಸ್ಪತ್ರೆಯ ಮಂಚಗಳು ಕಿರಿದಾಗಿದ್ದವು, ಮನೆಯ ಹಾಸಿಗೆಯ ಕೌದಿಗಳು ಅಗಲವಾಗಿದ್ದವು. ಹೊಸದಾಗಿ ಹೊಲಿಯಲು ಸಮಯವಿಲ್ಲದ ಹೆಂಗಸರು ಮನೆಯಲ್ಲಿದ್ದ ಎರಡು ಕೌದಿಗಳನ್ನು ಕತ್ತರಿಸಿ ಮೂರು ಮಾಡಿ ಕಳುಹಿಸಿದರು. ಮುಗಿದ ಕೌದಿಯನ್ನೇ ಮತ್ತೆ ಅರೆಕೆಲಸವಾಗಿಸಿ ಹೊಸ ಕೈಗಳಿಗೆ ಒಪ್ಪಿಸಿದ ಈ ಧಾರಾಳತನವನ್ನು ನಾವು ಸಣ್ಣದೆಂದು ಭಾವಿಸುವುದಿಲ್ಲ. ತನ್ನ ಮದುವೆಗೆಂದು ಹೊಲಿದದ್ದಕ್ಕೆ ಕತ್ತರಿ ಹಾಕುವುದು ಯಾವ ಹೆಣ್ಣಿಗೂ ಸುಲಭವಲ್ಲ.

ದೇಶದ ಈಶಾನ್ಯ ಭಾಗದ ಊರುಗಳಲ್ಲಿ ಇನ್ನೊಂದು ಉಪಾಯವಿತ್ತು. ಪ್ರತಿಯೊಬ್ಬಳೂ ಒಂದೊಂದು ಚೌಕವನ್ನು ಮೂರೂ ಪದರಗಳೊಡನೆ ಹೊಲಿದು ಅಂಚುಕಟ್ಟಿ ತರುತ್ತಿದ್ದಳು. ಕೊನೆಗೆ ಚೌಕಗಳನ್ನು ಸೇರಿಸಿ ಹೊಲಿದರೆ ಕೌದಿ ಸಿದ್ಧ. ಭಾನುವಾರದ ಪಾಠಶಾಲೆಯ ಹುಡುಗಿಯರೂ ಹೀಗೆ ಕೌದಿ ಮಾಡಿ ಸೈನಿಕರಿಗೆ ಕಳುಹಿಸಿದರು. ಕೆಲವು ಚೌಕಗಳ ಮೇಲೆ ಹೊಲಿದವಳ ಹೆಸರು, ಊರು, ಗಾಯಾಳುವಿಗೆ ಎರಡು ಸಾಂತ್ವನದ ಮಾತು ಶಾಯಿಯಲ್ಲಿ ಬರೆದಿರುತ್ತಿದ್ದವು. ಆ ನಾಲ್ಕು ವರ್ಷಗಳಲ್ಲಿ ಉತ್ತರದ ಸೈನ್ಯಕ್ಕೆ ತಲುಪಿದ ಕೌದಿಗಳು ಸುಮಾರು 2,50,000 ಎಂದು ಇತಿಹಾಸಕಾರರ ಅಂದಾಜು. ಇಂದು ಉಳಿದಿರುವುದು ಬೆರಳೆಣಿಕೆಯಷ್ಟು ಮಾತ್ರ. ಅವು ಹೊದ್ದು ಹೊದ್ದು ಹರಿದವು, ಹಲವು ಸೈನಿಕರೊಡನೆ ಮಣ್ಣಾದವು. ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಉಳಿಯುವುದಕ್ಕಿಂತ ಅದೇ ಆ ಕೌದಿಗಳಿಗೆ ಒಳ್ಳೆಯ ಗತಿಯೆಂದು ನಮಗೆ ಅನಿಸುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಕೆನಡಾದ ಹೆಂಗಸರು ರೆಡ್‌ಕ್ರಾಸ್ ಮುಖಾಂತರ ಬ್ರಿಟನ್ನಿಗೆ ಕೌದಿಗಳನ್ನು ಕಳುಹಿಸಿದರು. ಬಾಂಬ್ ದಾಳಿಗೆ ಮನೆ ಕಳೆದುಕೊಂಡವರಿಗೆ ಅವು ಸಂದವು. ಆ ಸಂಖ್ಯೆ ಸುಮಾರು ನಾಲ್ಕು ಲಕ್ಷವೆಂದು ಅಂದಾಜಿಸುತ್ತಾರೆ. ಹೊಲಿದವರ ಹೆಸರು ಅವುಗಳ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ, ಮೂಲೆಯಲ್ಲಿ ರೆಡ್‌ಕ್ರಾಸಿನ ಒಂದು ಚಿಕ್ಕ ಚೀಟಿ ಮಾತ್ರ.

ಆದರೆ ನಮ್ಮ ಓದುಗರಿಗೆ ಹೆಚ್ಚು ಹತ್ತಿರವಾದ ಉದಾಹರಣೆ ಮೆನೊನೈಟ್ ಕ್ರೈಸ್ತರದು. ಯುದ್ಧದಲ್ಲಿ ಆಯುಧ ಹಿಡಿಯುವುದಿಲ್ಲವೆಂಬ ನಿಷ್ಠೆಯುಳ್ಳ ಈ ಸಮುದಾಯವು 1920ರಲ್ಲಿ ಮೆನೊನೈಟ್ ಸೆಂಟ್ರಲ್ ಕಮಿಟಿ ಎಂಬ ಪರಿಹಾರ ಸಂಸ್ಥೆಯನ್ನು ಸ್ಥಾಪಿಸಿತು. ಅದರ ಕೇಂದ್ರಗಳಿಗೆ ಮೇಲ್ಪದರವನ್ನಷ್ಟೇ ಹೊಲಿದು ತಂದುಕೊಟ್ಟರೂ ಸ್ವೀಕರಿಸುತ್ತಾರೆ. ಸ್ವಯಂಸೇವಕರು ಅದಕ್ಕೆ ನಡುಪದರವನ್ನೂ ಅಸ್ತರನ್ನೂ ಸೇರಿಸಿ, ಸೂಕ್ಷ್ಮ ಹೊಲಿಗೆಯ ಬದಲು ಅಲ್ಲಲ್ಲಿ ದಪ್ಪ ದಾರದ ಗಂಟು ಹಾಕಿ, ಅಂಚು ಕಟ್ಟಿ ಮುಗಿಸುತ್ತಾರೆ. ಗಂಟು ಹಾಕಲು ಹೊಲಿಗೆ ಬಾರದವರೂ ಕೂರಬಹುದು, ಮಕ್ಕಳೂ ಕೂರಬಹುದು. ಹೀಗೆ ಸಿದ್ಧವಾದ ಹೊದಿಕೆಗಳು ಸಿರಿಯಾ, ಜೋರ್ಡಾನ್, ಇರಾಕ್‌ಗಳ ನಿರಾಶ್ರಿತರಿಗೆ ತಲುಪಿವೆ. ಅಂದರೆ ತನ್ನ ಊರಿನಾಚೆಗೆ ಕಾಲಿಡದ ಒಬ್ಬ ಕ್ರೈಸ್ತ ಮುದುಕಿ ಅರ್ಧ ಹೊಲಿದು ಬಿಟ್ಟದ್ದು, ಅವಳ ಹೆಸರನ್ನೂ ಅರಿಯದ ಇನ್ನಾರದೋ ಕೈಯಲ್ಲಿ ಪೂರ್ಣವಾಗಿ, ಒಂದು ಮುಸ್ಲಿಂ ಮಗುವಿನ ಚಳಿಯನ್ನು ತಡೆದಿರಬಹುದು. ಸತ್ಕಾರ್ಯವನ್ನು ಯಾರು ಮಾಡಿದರೂ ಅದನ್ನು ಗುರುತಿಸಿ ಹೇಳುವುದು ನ್ಯಾಯ.

ಇನ್ನು ನಮ್ಮ ಚರಿತ್ರೆಗೆ ಬರೋಣ.

ಸೂಜಿಯನ್ನೂ ಸ್ವದಕವನ್ನೂ ಒಟ್ಟಿಗೆ ನೆನೆದಾಗ ಮೊದಲು ಬರುವ ಹೆಸರು ಉಮ್ಮುಲ್ ಮೂಮಿನೀನ್ ಹಝ್ರತ್ ಝೈನಬ್ ಬಿನ್ತ್ ಜಹ್‌ಶ್(ರ) ಅವರದು. ತಮ್ಮ ಪತ್ನಿಯರಲ್ಲಿ ಯಾರ ಕೈ ನೀಳವೋ ಅವರು ಎಲ್ಲರಿಗಿಂತ ಮೊದಲು ತಮ್ಮನ್ನು ಬಂದು ಸೇರುವರೆಂದು ಪ್ರವಾದಿವರ್ಯರು(ಸ) ಹೇಳಿದ್ದರು. ಪತ್ನಿಯರು ಅದನ್ನು ಅಕ್ಷರಶಃ ಗ್ರಹಿಸಿ ಕೈಗಳನ್ನು ಅಳೆದು ನೋಡಿಕೊಂಡಿದ್ದರು. ಆದರೆ ಹಿಜರಿ 20ರಲ್ಲಿ ಮೊದಲು ನಿಧನರಾದದ್ದು ಕುಳ್ಳಗಿನ ಮೈಕಟ್ಟಿನ ಝೈನಬ್(ರ). ನೀಳವಾದ ಕೈ ಎಂದರೆ ದಾನದ ಕೈ ಎಂಬುದು ಆಗ ಉಳಿದವರಿಗೆ ತಿಳಿಯಿತು. ಅವರು ತಮ್ಮ ಕೈಯಾರೆ ದುಡಿದು ದಾನ ಮಾಡುತ್ತಿದ್ದರೆಂದು ಹಝ್ರತ್ ಆಯಿಶಾ(ರ) ವಿವರಿಸಿದ್ದಾರೆ. ಆ ದುಡಿಮೆ ಯಾವುದೆಂಬುದೂ ವರದಿಗಳಲ್ಲಿದೆ: ಚರ್ಮ ಹದ ಮಾಡುವುದು ಮತ್ತು ಹೊಲಿಯುವುದು. ಖಲೀಫ ಉಮರ್(ರ) ಕಳುಹಿಸಿದ ಹನ್ನೆರಡು ಸಾವಿರ ದಿರ್ಹಮ್‌ಗಳ ವಾರ್ಷಿಕ ಭತ್ಯೆಯನ್ನು ಬಟ್ಟೆಯಿಂದ ಮುಚ್ಚಿಸಿ, ಕೈಹಾಕಿ ತೆಗೆದು ತೆಗೆದು ಹಂಚಿಸಿದ ಆ ಮಹಾತಾಯಿಗೆ ಹೊಲಿಗೆಯು ಹೊಟ್ಟೆಪಾಡಾಗಿರಲಿಲ್ಲ.

ಅವರ ಕೊನೆಯ ದಿನಗಳ ಪ್ರಸಂಗವೊಂದನ್ನು ಇಬ್ನ್ ಸಅದ್ ದಾಖಲಿಸಿದ್ದಾರೆ. ಝೈನಬ್(ರ) ತಮ್ಮ ಕಫನಿನ ಬಟ್ಟೆಯನ್ನು ತಾವೇ ಸಿದ್ಧಪಡಿಸಿ ಇಟ್ಟಿದ್ದರು. ಉಮರ್(ರ) ಕೂಡ ಒಂದನ್ನು ಕಳುಹಿಸಬಹುದು, ಹಾಗಾದರೆ ಎರಡರಲ್ಲಿ ಒಂದನ್ನು ದಾನ ಮಾಡಿರೆಂದು ಮನೆಯವರಿಗೆ ತಿಳಿಸಿದ್ದರು. ಹಾಗೆಯೇ ಆಯಿತು. ಖಲೀಫರು ಕಳುಹಿಸಿದ ಬಟ್ಟೆಯಲ್ಲಿ ಅವರ ಅಂತ್ಯಸಂಸ್ಕಾರ ನಡೆಯಿತು. ಅವರು ಸಿದ್ಧಪಡಿಸಿದ್ದನ್ನು ಸಹೋದರಿ ಹಮ್ನಾ(ರ) ದಾನ ಮಾಡಿದರು. ಒಬ್ಬರು ಬಿಟ್ಟುಹೋದ ಬಟ್ಟೆಯ ಕೆಲಸವನ್ನು ಮತ್ತೊಬ್ಬರು ಸ್ವದಕವಾಗಿ ತಲುಪಿಸಿದ ಈ ಘಟನೆಯಲ್ಲಿ ಒಂದು ವಿಷಯವನ್ನು ಗಮನಿಸಬೇಕು: ಹಮ್ನಾ(ರ) ತಮ್ಮ ಇಚ್ಛೆಯಂತೆ ನಡೆದುಕೊಳ್ಳಲಿಲ್ಲ. ಝೈನಬ್(ರ) ಬದುಕಿರುವಾಗಲೇ ಸ್ಪಷ್ಟವಾಗಿ ಹೇಳಿಟ್ಟಿದ್ದರು. ಈ ಮಾತು ಮುಂದೆ ನಮಗೆ ಬೇಕಾಗುತ್ತದೆ.

ಇತರರ ಕೆಲಸವನ್ನು ಪೂರ್ಣಗೊಳಿಸಿಕೊಡುವುದರ ಬಗ್ಗೆ ಹಝ್ರತ್ ಅಬೂಝರ್(ರ) ಅವರಿಂದ ವರದಿಯಾದ ಹದೀಸ್ ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ಅತ್ಯುತ್ತಮ ಕರ್ಮ ಯಾವುದು, ಯಾವ ಗುಲಾಮನನ್ನು ಬಿಡುಗಡೆ ಮಾಡುವುದು ಶ್ರೇಷ್ಠ ಎಂದೆಲ್ಲಾ ಕೇಳಿದ ಬಳಿಕ ಅವರು, ಅಷ್ಟು ಸಾಧ್ಯವಾಗದಿದ್ದರೆ ಏನು ಮಾಡಲಿ ಎಂದರು. ಕುಶಲಕರ್ಮಿಗೆ ನೆರವಾಗುವುದು, ಅಥವಾ ಕೆಲಸ ಬಾರದವನಿಗೆ ಅವನ ಕೆಲಸವನ್ನು ಮಾಡಿಕೊಡುವುದು ಎಂಬುದು ಪ್ರವಾದಿವರ್ಯರ(ಸ) ಉತ್ತರದ ಸಾರ. ಇಲ್ಲಿ ಹದೀಸ್ ವಿದ್ವಾಂಸರ ನಡುವೆ ಒಂದು ಪದದ ಚರ್ಚೆಯಿದೆ. ಕೆಲವು ವರದಿಗಳಲ್ಲಿ ಆ ಪದ ‘ಸಾನಿಅ್’, ಅಂದರೆ ಕುಶಲಕರ್ಮಿ. ಇನ್ನು ಕೆಲವದರಲ್ಲಿ ‘ಝಾಯಿಅ್’, ಅಂದರೆ ದಿಕ್ಕೆಟ್ಟವನು. ಅರಬಿ ಲಿಪಿಯಲ್ಲಿ ಇವೆರಡೂ ತೀರಾ ಹತ್ತಿರದ ರೂಪಗಳು, ಚುಕ್ಕೆಯಷ್ಟು ಅಂತರ. ‘ಕೆಲಸ ಬಾರದವನು’ ಎಂಬುದಕ್ಕೆ ಜೋಡಿಯಾಗಿ ‘ಕುಶಲಕರ್ಮಿ’ ಎಂಬುದೇ ಸರಿಹೊಂದುತ್ತದೆಂದು ಹಲವು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ನಮಗಂತೂ ಈ ಚರ್ಚೆಯೇ ಸುಂದರವಾಗಿ ಕಾಣುತ್ತದೆ. ದಿಕ್ಕೆಟ್ಟವನಿಗೆ ನೆರವಾಗಬೇಕೆಂಬುದನ್ನು ಯಾರೂ ಅಲ್ಲಗಳೆಯರು. ಕೆಲಸ ಬಲ್ಲವನಿಗೂ ನೆರವು ಬೇಕಾಗುತ್ತದೆಂಬುದು ಮಾತ್ರ ನಮಗೆ ಹೊಳೆಯುವುದಿಲ್ಲ. ನಲವತ್ತು ಕೌದಿ ಹೊಲಿದ ಅಜ್ಜಿಗೆ ನಲವತ್ತೊಂದನೆಯದಕ್ಕೆ ಸೂಜಿಗೆ ದಾರ ಪೋಣಿಸಿಕೊಡುವವರು ಬೇಕು.

ಮಧ್ಯಯುಗದ ವಕ್ಫ್ ವ್ಯವಸ್ಥೆಯಲ್ಲಿ ಹೊದಿಕೆಗೂ ಸ್ಥಾನವಿತ್ತು. ಕೈರೋದಲ್ಲಿ ಸುಲ್ತಾನ್ ಖಲಾವೂನ್ 1284-85ರಲ್ಲಿ ಕಟ್ಟಿಸಿದ ಆಸ್ಪತ್ರೆಯ ವಕ್ಫ್ ಪತ್ರದಲ್ಲಿ ರೋಗಿಗಳ ಮಂಚ, ಹತ್ತಿ ತುಂಬಿದ ಹಾಸಿಗೆ, ಹೊದಿಕೆ, ತಲೆದಿಂಬುಗಳ ಖರ್ಚಿಗೆ ಏರ್ಪಾಡಿದೆ. ಗಂಡಸರು, ಹೆಂಗಸರು, ಧನಿಕರು, ಬಡವರು, ಊರಿನವರು, ಪರಸ್ಥಳದವರು ಎಲ್ಲರಿಗೂ ಅದು ತೆರೆದಿತ್ತು. ಸುಲ್ತಾನನ ಹೆಸರು ಗೋಡೆಯ ಮೇಲೆ ಇಂದಿಗೂ ಇದೆ. ಹತ್ತಿ ತುಂಬಿ ಹೊಲಿದ ಕೈಗಳ ಹೆಸರು ಎಲ್ಲಿಯೂ ಇಲ್ಲ.

ಕರ್ನಾಟಕದ ಕೌದಿಗೆ ಮರಳೋಣ. ನಮ್ಮ ಕೌದಿಯು ಅಮೆರಿಕದ್ದರಂತೆ ಹಂತ ಹಂತವಾಗಿ ಬೇರ್ಪಡುವುದಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಮಹಿಳೆಯರ ‘ಕವಂದಿ’ಯನ್ನೇ ನೋಡಿ. ಆಫ್ರಿಕಾ ಮೂಲದ ಸಿದ್ದಿಗಳಲ್ಲಿ ಮುಸ್ಲಿಮರಿದ್ದಾರೆ, ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ. ಮೂವರ ಮನೆಯಲ್ಲೂ ಕವಂದಿಯಿದೆ. ಹಳೆಯ ಸೀರೆಯನ್ನು ತಳಕ್ಕೆ ಹಾಸಿ, ಒಂದು ಮೂಲೆಯಿಂದ ಆರಂಭಿಸಿ, ಅಂಚಿನ ಗುಂಟ ತುಂಡು ಬಟ್ಟೆಗಳನ್ನು ಇಡುತ್ತಾ, ಇಡುತ್ತಲೇ ಹೊಲಿಯುತ್ತಾ ಸುತ್ತುಸುತ್ತಾಗಿ ಒಳಕ್ಕೆ ಸಾಗುತ್ತಾರೆ. ಜೋಡಣೆಯೂ ಹೊಲಿಗೆಯೂ ಏಕಕಾಲದಲ್ಲಿ. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಪದರುಪದರಾಗಿ ಮಡಚಿದ ತ್ರಿಕೋನದ ‘ಫೂಲ’ ಇರಲೇಬೇಕು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಇವರ ಕೆಲಸವನ್ನು ಅಧ್ಯಯನ ಮಾಡಿ ಹೊರಜಗತ್ತಿಗೆ ಪರಿಚಯಿಸಿದರು, ಹೊಲಿಯುವ ಮಹಿಳೆಯರ ಸಹಕಾರಿ ಗುಂಪೊಂದೂ ಹುಟ್ಟಿಕೊಂಡಿತು.

ಅಂಚಿನಿಂದ ಒಳಕ್ಕೆ ಸಾಗುವ ಇಂತಹ ಹೊಲಿಗೆ ನಡುವೆ ನಿಂತರೆ ಸುತ್ತಲೂ ಬಣ್ಣ, ಮಧ್ಯದಲ್ಲಿ ಬರಿಯ ಸೀರೆ ಉಳಿಯುತ್ತದೆ. ಅದನ್ನು ಮುಗಿಸಲು ಕೂರುವವಳು ಹಿಂದಿನವಳ ಕೊನೆಯ ಹೊಲಿಗೆಯ ಪಕ್ಕದಲ್ಲೇ ತನ್ನ ಮೊದಲ ಹೊಲಿಗೆ ಹಾಕಬೇಕು. ಹಿಂದಿನವಳದು ಭತ್ತದ ಕಾಳಿನಷ್ಟು ಸಣ್ಣದಿದ್ದು ತನ್ನದು ಬೆರಳಗಲವಿದ್ದರೆ ಎರಡು ಕೈಗಳ ಅಂತರ ಜೀವಮಾನವಿಡೀ ಕಾಣುತ್ತದೆ. ಹಳೆಯ ಹೊಲಿಗೆ ಓರೆಕೋರೆಯಾಗಿದ್ದರೆ ಅದನ್ನು ಬಿಚ್ಚಿ ಸರಿಮಾಡುವ ಆಸೆಯೂ ಹುಟ್ಟುತ್ತದೆ. ಬಿಚ್ಚಬಾರದೆಂದು ನಮ್ಮ ಅಭಿಪ್ರಾಯ. ಗಟ್ಟಿಯಾಗಿ ನೂತ ನೂಲನ್ನು ತಾನೇ ಎಳೆ ಎಳೆಯಾಗಿ ಬಿಡಿಸಿಬಿಡುವ ಹೆಂಗಸಿನ ಉಪಮೆ ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದ 92ನೆಯ ಸೂಕ್ತದಲ್ಲಿದೆ. ಅದು ಮಾತು ಕೊಟ್ಟು ಮುರಿಯುವವರ ಕುರಿತಾದ ಎಚ್ಚರಿಕೆ ಎಂಬುದನ್ನು ಬಲ್ಲೆವು, ಹೊಲಿಗೆಯ ಪಾಠವಲ್ಲ. ಆದರೂ ನೂಲಿನ ಶ್ರಮಕ್ಕೆ ಬೆಲೆಯಿಲ್ಲದಿದ್ದರೆ ಆ ಉಪಮೆಗೆ ಅರ್ಥವೆಲ್ಲಿಯದು? ತೀರಾ ಜೀರ್ಣವಾದ ದಾರವನ್ನು ಮಾತ್ರ ತೆಗೆಯಿರಿ.

ಈಗ ನಮ್ಮ ಶೀರ್ಷಿಕೆಯ ಪ್ರಶ್ನೆಗೆ ಬರುತ್ತೇವೆ. ತೀರಿಹೋದವರ ಅರೆಕೌದಿಯನ್ನು ಯಾರಾದರೂ ಮುಗಿಸಿ ದಾನ ಮಾಡಲಿ ಎಂದು ಹಿರಿಯ ಮಗಳೋ ಸೊಸೆಯೋ ಎತ್ತಿಕೊಟ್ಟುಬಿಡುವುದು ನಮ್ಮಲ್ಲಿ ಸಾಮಾನ್ಯ. ಚಿಂದಿ ಬಟ್ಟೆಗೆ ಎಂತಹ ಲೆಕ್ಕ ಎಂಬ ಭಾವನೆ. ಶರೀಅತ್ ಹಾಗೆ ನೋಡುವುದಿಲ್ಲ. ಮೃತರು ಬಿಟ್ಟುಹೋದ ಸೂಜಿಯೂ ವಾರೀಸು ಸೊತ್ತು. ಅಂತ್ಯಸಂಸ್ಕಾರದ ಖರ್ಚು, ಸಾಲ, ಮೂರನೆಯ ಒಂದು ಭಾಗದ ಮಿತಿಯೊಳಗಿನ ವಸಿಯ್ಯತ್ ಇವು ಕಳೆದು ಉಳಿದುದೆಲ್ಲ ವಾರೀಸುದಾರರೆಲ್ಲರಿಗೂ ಸೇರುತ್ತದೆ. ಆಕೆ ಬದುಕಿರುವಾಗ, ಇದನ್ನು ಬಡವರಿಗೆ ಕೊಡಿ ಎಂದು ಹೇಳಿದ್ದರೆ ಝೈನಬ್(ರ) ಅವರ ಕಫನಿನಂತೆ ಅದು ವಸಿಯ್ಯತ್ ಆಗುತ್ತದೆ; ಮಿತಿಯೊಳಗಿದ್ದರೆ ನೆರವೇರಿಸಲೇಬೇಕು. ಏನೂ ಹೇಳದೆ ಹೋಗಿದ್ದರೆ ಪ್ರಾಯಪೂರ್ತಿಯಾದ ವಾರೀಸುದಾರರೆಲ್ಲರ ಒಪ್ಪಿಗೆ ಬೇಕು. ಅವರಲ್ಲಿ ಅಪ್ರಾಪ್ತ ವಯಸ್ಸಿನ ಮಗುವಿದ್ದರೆ ಅದರ ಪಾಲನ್ನು ದಾನ ಮಾಡುವ ಅಧಿಕಾರ ಪೋಷಕರಿಗೂ ಇಲ್ಲ. ಅನಾಥರ ಸೊತ್ತಿನ ಕುರಿತು ಅನ್ನಿಸಾ ಅಧ್ಯಾಯದ 10ನೆಯ ಸೂಕ್ತದ ಕಠಿಣ ಎಚ್ಚರಿಕೆ ಎಲ್ಲರಿಗೂ ತಿಳಿದದ್ದೇ. ಅದೇ ಅಧ್ಯಾಯದ 8ನೆಯ ಸೂಕ್ತವು, ಪಾಲು ಹಂಚುವಾಗ ಬಂದು ನಿಂತ ಬಂಧುಗಳಿಗೂ ಅನಾಥರಿಗೂ ಬಡವರಿಗೂ ಒಂದಿಷ್ಟು ಕೊಡಿರೆಂದು ಪ್ರೇರೇಪಿಸುತ್ತದೆ. ಎರಡನ್ನೂ ಒಟ್ಟಿಗೆ ಓದಿದರೆ ದಾರಿ ಸ್ಪಷ್ಟ: ಪ್ರಾಯಕ್ಕೆ ಬಂದವರು ತಮ್ಮ ಪಾಲಿನಿಂದ ಕೊಡಲಿ, ಮಗುವಿನ ಪಾಲಿನ ನ್ಯಾಯವಾದ ಬೆಲೆಯನ್ನು ಮಗುವಿನ ಹೆಸರಿಗೆ ಇಡಲಿ. ಐವತ್ತು ರೂಪಾಯಿಯ ವಿಷಯಕ್ಕೆ ಇಷ್ಟೊಂದೇ ಎಂದು ಕೇಳುವವರಿರಬಹುದು. ಐವತ್ತು ರೂಪಾಯಿಯಲ್ಲಿ ರೂಢಿಯಾಗದ ನ್ಯಾಯ ಐದು ಎಕರೆಯಲ್ಲಿ ರೂಢಿಯಾಗುವುದನ್ನು ನಾವು ಕಂಡಿಲ್ಲ.

ದರ್ಜಿಯ ಅಂಗಡಿಯ ತುಂಡುಗಳಿಗೂ ಇದೇ ನಿಯಮ. ಹನ್ನೆರಡನೆಯ ಶತಮಾನದಲ್ಲಿ ಸಿರಿಯಾದ ಶೈಝರಿಯವರು ಮಾರುಕಟ್ಟೆಯ ಮೇಲ್ವಿಚಾರಕರಿಗಾಗಿ ಬರೆದ ಕೈಪಿಡಿಯಲ್ಲಿ ದರ್ಜಿಗಳಿಗೆಂದೇ ಒಂದು ಅಧ್ಯಾಯವಿದೆ. ಬೆಲೆಬಾಳುವ ಬಟ್ಟೆಯನ್ನು ತೂಕ ಮಾಡಿ ಪಡೆಯಬೇಕು, ಹೊಲಿದ ಬಳಿಕ ಅದೇ ತೂಕಕ್ಕೆ ಹಿಂದಿರುಗಿಸಬೇಕೆಂದು ಅದರಲ್ಲಿ ಹೇಳಲಾಗಿದೆ. ಉಳಿದ ತುಂಡು ಗಿರಾಕಿಯದು. ದಾನದ ಕೌದಿಗೆಂದು ಅಂಗಡಿಯಿಂದ ಚೀಲಗಟ್ಟಲೆ ತುಂಡು ತರುವವರು, ಗಿರಾಕಿಗಳು ಬಿಟ್ಟುಕೊಟ್ಟದ್ದೇ ಎಂದು ಒಂದು ಮಾತು ಕೇಳಿಕೊಳ್ಳುವುದು ಒಳಿತು.

ಇನ್ನು ಬದುಕಿರುವವರು ತಮ್ಮ ಅರೆಕೆಲಸವನ್ನು ದಾಟಿಸುವ ವಿಚಾರ. ಇಲ್ಲೊಂದು ಸೂಕ್ಷ್ಮವಿದೆ. ಬೇಡವಾದದ್ದನ್ನು ಇತರರ ತಲೆಗೆ ಕಟ್ಟಿ ಅದಕ್ಕೆ ಸ್ವದಕ ಎಂದು ಹೆಸರಿಡುವುದು ಸುಲಭ. ಸ್ವತಃ ಕಣ್ಣು ಮುಚ್ಚಿಕೊಂಡಲ್ಲದೆ ಸ್ವೀಕರಿಸದಂತಹ ಕಳಪೆ ವಸ್ತುವನ್ನು ದಾನಕ್ಕೆ ಆರಿಸಬಾರದೆಂಬ ಅಲ್‌ಬಕರ ಅಧ್ಯಾಯದ 267ನೆಯ ಸೂಕ್ತವು ನೇರವಾಗಿ ಇಲ್ಲಿ ಅನ್ವಯಿಸುತ್ತದೆ. ಬಣ್ಣ ಬಿಡುವ, ಬೆರಳಿಟ್ಟರೆ ಹರಿಯುವ ಬಟ್ಟೆಯ ಗಂಟನ್ನು ಕೊಟ್ಟರೆ ಮುಗಿಸುವವಳ ಕಣ್ಣೂ ಬೆನ್ನೂ ವ್ಯರ್ಥವಾಗುತ್ತವೆ, ಹೊದೆಯುವವನಿಗೂ ಎರಡು ತಿಂಗಳಲ್ಲಿ ಚಿಂದಿಯೇ ಗತಿ. ಕೊಡುವವರು ಬಟ್ಟೆಯನ್ನು ಒಗೆದು ಒಣಗಿಸಲಿ. ಮುಗಿಸಲು ಬೇಕಾಗುವ ತುಂಡು, ತಳದ ಸೀರೆ, ದಾರ ಇವನ್ನೂ ಜೊತೆಗೆ ಇಡಲಿ. ಹೊಲಿಯುವವಳು ಬಡವಳಾಗಿದ್ದರೆ ಕೂಲಿಯನ್ನೂ ಕೊಡಲಿ. ಬಡ ಹೆಂಗಸಿನಿಂದ ಪುಕ್ಕಟೆ ದುಡಿಸಿಕೊಂಡು ಇನ್ನೊಬ್ಬ ಬಡವನಿಗೆ ದಾನ ಕೊಟ್ಟರೆ ನಿಜವಾಗಿ ದಾನ ಕೊಟ್ಟವಳು ಅವಳೇ ಹೊರತು ನಾವಲ್ಲ.

ಆರಂಭಿಸಿ ಮುಗಿಸಲಾಗದೆ ಹೋದವರ ಪ್ರತಿಫಲದ ಕುರಿತು ಮಹಿಳೆಯರು ನಮ್ಮಲ್ಲಿ ಕೇಳುವುದುಂಟು. ಅಲ್ಲಾಹನ ಕಡೆಗೆ ಹಿಜ್ರತ್ ಹೊರಟು ದಾರಿಯಲ್ಲೇ ಮರಣ ಹೊಂದಿದವನ ಪ್ರತಿಫಲವು ಅಲ್ಲಾಹನ ಮೇಲಿದೆ ಎಂದು ಅನ್ನಿಸಾ ಅಧ್ಯಾಯದ 100ನೆಯ ಸೂಕ್ತ ತಿಳಿಸುತ್ತದೆ. ಬಡವರಿಗೆಂದೇ ಸಂಕಲ್ಪಿಸಿ ಸೂಜಿ ಹಿಡಿದವಳಿಗೂ ಅದರಲ್ಲಿ ಭರವಸೆಯಿದೆಯೆಂದು ನಾವು ಆಶಿಸುತ್ತೇವೆ. ಮೊಮ್ಮಗನ ತೊಟ್ಟಿಲಿಗೆಂದು ಹೊಲಿಯುತ್ತಿದ್ದರೆ ಅದು ಬೇರೆ ಮಾತು. ಆಗ ಮೊದಲು ಮೊಮ್ಮಗನನ್ನು ಕೇಳಿ. ಅವನು ಈಗ ದೊಡ್ಡವನಾಗಿ ದೂರದ ಊರಿನಲ್ಲಿದ್ದರೂ ಅದನ್ನು ಮುಗಿಸಿ ತನಗೇ ಕಳುಹಿಸಿ ಎನ್ನಬಹುದು.

ಕೊನೆಯದಾಗಿ ಒಂದು ವಿಷಯ. ಹೀಗೆ ಪೂರ್ಣವಾದ ಕೌದಿಗಳನ್ನು ಝಕಾತಿನ ಲೆಕ್ಕಕ್ಕೆ ಹಿಡಿಯಬಹುದೇ ಎಂಬ ಪ್ರಶ್ನೆ ಬರುತ್ತದೆ. ಝಕಾತ್ ಎಂದರೆ ಪಡೆಯುವ ಬಡವನಿಗೆ ಅದರ ಒಡೆತನವೇ ಸಿಗಬೇಕು. ಆಸ್ಪತ್ರೆಗೋ ಮುಸಾಫಿರ್‌ಖಾನೆಗೋ ಎಲ್ಲರ ಬಳಕೆಗೆಂದು ಕೊಟ್ಟ ಹೊದಿಕೆಯಲ್ಲಿ ಆ ಒಡೆತನ ಯಾರಿಗೂ ಸಿಗುವುದಿಲ್ಲ. ಹಣದ ಬದಲು ವಸ್ತು ಕೊಡುವ ಬಗ್ಗೆ ಮದ್‌ಹಬ್‌ಗಳ ನಡುವೆ ಭಿನ್ನಾಭಿಪ್ರಾಯವೂ ಇದೆ; ನಮ್ಮ ಕರಾವಳಿಯ ಶಾಫಿಈ ಮನೆಗಳಿಗೂ ಒಳನಾಡಿನ ಹನಫೀ ಮನೆಗಳಿಗೂ ಒಂದೇ ಉತ್ತರ ಹೇಳಲಾಗದು. ಝಕಾತನ್ನು ಹಣದ ರೂಪದಲ್ಲಿ ಬೇರೆಯಾಗಿ ಕೊಟ್ಟು, ಕೌದಿಯನ್ನು ಐಚ್ಛಿಕ ಸ್ವದಕವಾಗಿ ಕೊಟ್ಟರೆ ಈ ತೊಡಕಿಲ್ಲ. ಬೀದರ್, ಕಲಬುರಗಿ ಕಡೆಯ ಚಳಿ ಡಿಸೆಂಬರಿನಲ್ಲಿ ಬಿರುಸಾಗುತ್ತದೆ. ಮಳೆಗಾಲದಲ್ಲಿ ಟ್ರಂಕು ತೆರೆದು ಮುಗಿಸಲು ಕೊಟ್ಟರೆ ಅಷ್ಟರೊಳಗೆ ಕೈಸೇರುತ್ತದೆ.